ಬಿದ್ದ ಮರಿ, ನಿಂತ ಮರ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮಾರ್ಟಳ್ಳಿಯ ಸುತ್ತಲ ಬೆಟ್ಟಗಳ ಮೇಲೆ ಮೋಡ ಕವಿದು ಬೀಸುವ ಗಾಳಿ ಮಳೆಯಾಶ್ರಿತ ರೈತನಿಗೆ ಆಸೆಯನ್ನೂ ಆತಂಕವನ್ನೂ ಒಟ್ಟಿಗೇ ತರುತ್ತದೆ. ಹದ ಮಳೆಯಾದರೆ ಹೊಲ ಉಳಬಹುದು. ಗಾಳಿ ಜೋರಾದರೆ ಮನೆಯ ಹೆಂಚು ಹಾರಬಹುದು. ಅದೇ ಗಾಳಿ ಬದುವಿನ ಹುಣಸೆ, ಬೇವು, ಹೊಂಗೆಗಳನ್ನು ಕುಲುಕಿ, ಅವುಗಳ ಕೊಂಬೆಗಳಲ್ಲಿ ಬಿಡಾರ ಹೂಡಿದ್ದ ಸಂಸಾರಗಳನ್ನು ನೆಲಕ್ಕೆ ಕೆಡವುತ್ತದೆ. ಮಾರನೆಯ ಬೆಳಗ್ಗೆ ಆಡು ಹೊಡೆದುಕೊಂಡು ಹೊರಟ ಮಕ್ಕಳ ಕಣ್ಣಿಗೆ ಬೀಳುವುದು ಚೆದುರಿದ ಗೂಡು, ಅದರ ಪಕ್ಕದಲ್ಲಿ ಕೊಕ್ಕು ತೆರೆದು ಚೀರುತ್ತಿರುವ ಮರಿ.

ಆ ಮರಿಯನ್ನು ಎತ್ತಿಕೊಳ್ಳುವ ಕೈಯಲ್ಲಿ ಕರುಣೆಗೆ ಕೊರತೆಯಿಲ್ಲ. ಮರಿಯನ್ನು ಮನೆಗೆ ತಂದು ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬಾಯಿಗೆ ಹಾಲು ಬಿಡುತ್ತಾರೆ. ಅನ್ನದ ಅಗುಳು ತುರುಕುತ್ತಾರೆ. ಒಂದೆರಡು ದಿನಗಳಲ್ಲಿ ಮರಿ ಸಾಯುತ್ತದೆ. ಮಗು ಅಳುತ್ತದೆ, ಹಿರಿಯರು ಅದರ ಋಣ ಇದ್ದದ್ದೇ ಅಷ್ಟು ಎಂದು ಸಮಾಧಾನ ಹೇಳುತ್ತಾರೆ. ಆದರೆ ಬಹಳಷ್ಟು ಸಲ ಆ ಮರಿಯನ್ನು ಕೊಂದದ್ದು ಗಾಳಿಯೂ ಅಲ್ಲ, ಋಣವೂ ಅಲ್ಲ. ತಿಳಿವಳಿಕೆಯಿಲ್ಲದ ಕರುಣೆ ಕೊಂದಿರುತ್ತದೆ.

ಬಿದ್ದ ಮರಿಗೆ ಅದರ ತಾಯಿತಂದೆಗಿಂತ ಉತ್ತಮ ದಾದಿಯಿಲ್ಲ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ತೊರೆಯುತ್ತದೆಂಬ ನಂಬಿಕೆ ಎಲ್ಲೆಡೆ ಇದೆ, ಅದು ನಿಜವಲ್ಲ. ಮರಿಯ ಕೂಗು, ತೆರೆದ ಬಾಯಿಯ ಬಣ್ಣ, ಗೂಡಿದ್ದ ತಾಣ ಇವೇ ಹಕ್ಕಿಯನ್ನು ಮರಳಿ ಕರೆತರುತ್ತವೆ. ಬೆಳಗಿನಿಂದ ಸಂಜೆಯವರೆಗೆ ಗಂಟೆಗೆ ಹಲವು ಬಾರಿ ಹುಳುಹುಪ್ಪಟೆ ತಂದು ಉಣಿಸುವ ಆ ದುಡಿಮೆಯನ್ನು ಯಾವ ಮನೆಯವರೂ ಮಾಡಲಾರರು.

ಆದ್ದರಿಂದ ಮೊದಲು ಮರಿಯ ವಯಸ್ಸನ್ನು ಗುರುತಿಸಬೇಕು. ಮೈತುಂಬ ಪುಕ್ಕವಿದ್ದು, ಮೋಟು ಬಾಲ ಹೊತ್ತು, ನೆಲದಲ್ಲಿ ಕುಪ್ಪಳಿಸುವ ಮರಿ ಗೂಡಿನಿಂದ ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಅದರ ತಾಯಿ ಹತ್ತಿರದಲ್ಲೇ ಇರುತ್ತದೆ. ನಾಯಿ, ಬೆಕ್ಕುಗಳ ಭಯವಿದ್ದರೆ ಅದನ್ನು ಪಕ್ಕದ ಪೊದೆಯ ಮೇಲಿರಿಸಿ ದೂರ ಸರಿದರೆ ಸಾಕು. ಪುಕ್ಕ ಮೂಡದ ಮರಿಯಾದರೆ ಅದನ್ನು ಗೂಡಿಗೇ ಮರಳಿಸಬೇಕು. ಮೈ ತಣ್ಣಗಾಗಿದ್ದರೆ ಅಂಗೈಯಲ್ಲೋ ಒಣಬಟ್ಟೆಯಲ್ಲೋ ಬೆಚ್ಚಗೆ ಹಿಡಿದುಕೊಂಡಿರಬೇಕು. ಚಳಿ ಹಿಡಿದ ಮರಿ ತಿಂದದ್ದನ್ನು ಅರಗಿಸಿಕೊಳ್ಳಲಾರದು. ಗೂಡು ಪೂರ್ತಿ ಹಾಳಾಗಿದ್ದರೆ ನೀರು ಬಸಿದುಹೋಗುವ ಚಿಕ್ಕ ಬುಟ್ಟಿಯೊಂದಕ್ಕೆ ಒಣಹುಲ್ಲು ಹಾಸಿ, ಅದೇ ಮರದಲ್ಲಿ ನೆರಳಿರುವ ಕವಲಿಗೆ ಬಿಗಿಯಾಗಿ ಕಟ್ಟಿ, ಮರಿಯನ್ನು ಅದರಲ್ಲಿಡಬೇಕು. ಅನಂತರ ಮರದ ಬುಡದಲ್ಲಿ ಗುಂಪುಗೂಡದೆ ಒಂದೆರಡು ಗಂಟೆ ದೂರದಿಂದ ಗಮನಿಸಬೇಕು. ಗೊರವಂಕ, ಪಿಕಳಾರ, ಗುಬ್ಬಚ್ಚಿಗಳು ಇಂಥ ಬುಟ್ಟಿಗೆ ಬಂದು ಮರಿಗಳಿಗೆ ಉಣಿಸುತ್ತವೆ.

ಮಾಡಬಾರದ್ದೂ ಕೆಲವಿದೆ. ಮರಿಯ ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿರುವುದರಿಂದ ಹನಿಸಿದ ನೀರು ಸಲೀಸಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸುವಿನ ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ. ಕಾಳು ತಿನ್ನುವ ಗುಬ್ಬಚ್ಚಿ, ಗೀಜಗಗಳೂ ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಕೀಟಗಳನ್ನೇ, ಅನ್ನವನ್ನಲ್ಲ. ರೆಕ್ಕೆ ಮುರಿದ, ಬೆಕ್ಕು ಕಚ್ಚಿದ ಮರಿಗಳನ್ನೂ ಗೂಬೆ, ಗಿಡುಗದಂಥ ಹಕ್ಕಿಗಳ ಮರಿಗಳನ್ನೂ ಗಾಳಿಯಾಡುವ ಪೆಟ್ಟಿಗೆಯಲ್ಲಿ ಕತ್ತಲು ಮಾಡಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಇಲಾಖೆಯ ಸಹಾಯವಾಣಿಯ ಸಂಖ್ಯೆ 1926. ಮರಿಯನ್ನು ಮುಟ್ಟಿದವರು ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ಸಾಕುವ ಆಸೆಗೂ ಇಲ್ಲಿ ಎಡೆಯಿಲ್ಲ. ಪೊಟರೆಯಿಂದ ತೆಗೆದ ಗಿಳಿಮರಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದೂ ಗೂಡು ಕದಡುವುದೂ ಸೇರಿವೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಇಷ್ಟು ಒಂದು ಮರಿಯ ಮಾತು. ಒಂದು ಊರೇ ಈ ಕೆಲಸಕ್ಕೆ ನಿಂತರೆ ಏನಾಗುತ್ತದೆಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. ಹನೂರು ಸೀಮೆಯ ಅಂಚಿನಲ್ಲಿ ಹರಿಯುವ ಕಾವೇರಿಗೆ ಶಿವನಸಮುದ್ರದ ಕೆಳಗೆ ಶಿಂಷಾ ನದಿ ಬಂದು ಸೇರುತ್ತದೆ. ಆ ಶಿಂಷೆಯ ದಡಕ್ಕೆ ಸಮೀಪದಲ್ಲೇ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆ, ಅರಳಿ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಕಾಣುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1970ರ ದಶಕದಲ್ಲಿ ಈ ಊರಿನ ಕಥೆಯನ್ನು ಹೊರಜಗತ್ತಿಗೆ ತಿಳಿಸಿದರು.

ದೊಡ್ಡ ಮೈಯ ಹೆಜ್ಜಾರ್ಲೆ ನೆಲಕ್ಕೆ ಬಿದ್ದ ತನ್ನ ಮರಿಗೆ ಇಳಿದು ಬಂದು ಉಣಿಸುವುದಿಲ್ಲ. ಹಾಗೆ ಬಿದ್ದ ಮರಿ ಹಸಿವಿಗೋ ನಾಯಿಗೋ ಬಲಿಯಾಗುತ್ತದೆ. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರೇಮಿಗಳ ಬೆಂಬಲದೊಂದಿಗೆ ಊರ ಯುವಕರು ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಅಂಥ ಮರಿಗಳಿಗಾಗಿ ದೊಡ್ಡಿಯೊಂದನ್ನು ಮಾಡಿ, ಮೀನು ಉಣಿಸಿ, ಹಾರಲು ಬಲ ಬಂದ ಮೇಲೆ ಬಿಟ್ಟಿತು. 2007ರಲ್ಲಿ ಸರ್ಕಾರ ಆ ತಾಣವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೆ ಕೊಕ್ಕರೆ ಬೆಳ್ಳೂರಿನ ಹಿರಿಮೆ ಆ ದೊಡ್ಡಿಯಲ್ಲಿ ಮುಗಿಯುವುದಿಲ್ಲ. ಗೂಡುಗಳಿರುವ ಕಾಲವೂ ಹುಣಸೆ ಹಣ್ಣಾಗುವ ಕಾಲವೂ ಒಂದೇ. ಮರ ಹತ್ತಿ ಬಡಿದರೆ ಹಣ್ಣಿನೊಡನೆ ಮರಿಯೂ ಬೀಳುತ್ತದೆ. ಅಲ್ಲಿನ ಬಡ ರೈತರು ಎಷ್ಟೋ ಮರಗಳ ಫಸಲನ್ನೇ ಬಿಟ್ಟುಕೊಟ್ಟರು. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರಧನ ನೀಡತೊಡಗಿತು. ಮರದಡಿಯ ಹಿಕ್ಕೆ ಹೊಲಕ್ಕೆ ಸಾರವತ್ತಾದ ಗೊಬ್ಬರವಾಯಿತು. ಸೋಲುಗಳೂ ಇಲ್ಲದಿಲ್ಲ. 2017ರ ಕೊನೆಯಿಂದ 2018ರವರೆಗೆ ಹೊಟ್ಟೆಯ ಪರೋಪಜೀವಿ ಹುಳುಗಳಿಂದ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಊರು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಹಕ್ಕಿ ಮೀನು ಹಿಡಿಯುವ ಕೆರೆ ಕೆಟ್ಟರೆ ಉಳಿಗಾಲವಿಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ಕೇರಳ ತೋರಿಸಿತು. ಮಲಪ್ಪುರಂ ಜಿಲ್ಲೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಹೆದ್ದಾರಿ ಅಗಲಗೊಳಿಸಲು ಗೂಡುಗಳಿದ್ದ ಮರವೊಂದನ್ನು ಹಾಗೆಯೇ ಉರುಳಿಸಲಾಯಿತು. ಹತ್ತಾರು ಹಕ್ಕಿಗಳೂ ಮರಿಗಳೂ ನೆಲಕ್ಕಪ್ಪಳಿಸಿ ಸತ್ತವು. ಪ್ರಕರಣವೇನೋ ದಾಖಲಾಯಿತು, ಮರಿಗಳು ಬದುಕಲಿಲ್ಲ. ಕೆಲವು ವಾರ ಕಾದಿದ್ದರೆ ಮರಿಗಳು ತಾವಾಗಿಯೇ ಹಾರಿಹೋಗುತ್ತಿದ್ದವು.

ಮಾರ್ಟಳ್ಳಿಯ ಸೀಮೆಗೆ ಈ ಎರಡೂ ಪಾಠಗಳು ಬೇಕು. 1987ರ ಕಾವೇರಿ ಹಾಗೂ 2013ರ ಮಲೆ ಮಹದೇಶ್ವರ ವನ್ಯಜೀವಿಧಾಮಗಳ ನೆರೆಯ ಈ ಊರುಗಳಲ್ಲಿ, ಕಾಡಿನ ಒಳಗಿನ ಹಕ್ಕಿಗೆ ಕಾಯ್ದೆಯ ಕಾವಲಿದ್ದರೆ ಹೊಲದ ಹಕ್ಕಿಗೆ ರೈತನೇ ಕಾವಲು. ಬದುವಿನ ಮರ ಹೋದರೆ ಹಕ್ಕಿಯೂ ಹೋಗುತ್ತದೆ. 2018ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕರ್ನಾಟಕದ ಮುಸುಕಿನ ಜೋಳದಲ್ಲಿ ಕಂಡುಬಂದ ಫಾಲ್ ಸೈನಿಕ ಹುಳು ರೈತನನ್ನು ಎಷ್ಟು ಕಂಗೆಡಿಸಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕಿಗಳೇ ಆ ಪಿಡುಗನ್ನು ನೀಗಿಸುತ್ತವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಹಕ್ಕಿ ಕೂರಲು ಹೊಲದಲ್ಲಿ ಕವಲುಗೋಲು ನೆಡಿರೆಂದು ಕೃಷಿ ವಿಜ್ಞಾನ ಇಂದು ಸಲಹೆ ನೀಡುತ್ತದೆ. ನಿಂತ ಮರವನ್ನು ಕಡಿದು, ಅದರ ಬದಲಿಗೆ ಕೋಲು ನೆಡುವುದು ಯಾವ ಜಾಣತನ?

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮರ ಕಡಿಯುವ, ಕೊಂಬೆ ಸವರುವ ಮುನ್ನ ಒಮ್ಮೆ ತಲೆಯೆತ್ತಿ ನೋಡಬೇಕು. ಗೂಡಿದ್ದರೆ ಮರಿ ಹಾರುವ ತನಕ ಕೊಡಲಿ ಕೆಳಗಿಡಬೇಕು. ರಸ್ತೆಬದಿಯ ಮರ ತೆಗೆಯುವ ಅಥವಾ ಹುಣಸೆ ಫಸಲನ್ನು ಹರಾಜು ಹಾಕುವ ಸಂದರ್ಭದಲ್ಲಿ ಗೂಡುಗಳ ರಕ್ಷಣೆಯೂ ಒಂದು ಷರತ್ತಾಗುವಂತೆ ಗ್ರಾಮಸಭೆ ಒತ್ತಾಯಿಸಬೇಕು. ಶಾಲೆಗಳಲ್ಲಿ ಮಕ್ಕಳು ತಮ್ಮ ಊರಿನ ಗೂಡಿನ ಮರಗಳ ಪಟ್ಟಿ ಮಾಡಬೇಕು. ಯಾವ ಹಕ್ಕಿ ಯಾವ ತಿಂಗಳು ಗೂಡು ಕಟ್ಟಿತೆಂಬುದನ್ನು ವರ್ಷವರ್ಷವೂ ಬರೆದಿಡಬೇಕು. ಆ ಪಟ್ಟಿ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಮಾತಿಗೆ ಬಲ ಬರುತ್ತದೆ.

ಗಾಳಿ ಮುಂದಿನ ವರ್ಷವೂ ಬೀಸುತ್ತದೆ, ಕೆಲವು ಗೂಡುಗಳು ಬೀಳುತ್ತವೆ. ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಬಿದ್ದ ಮರಿಯನ್ನು ಮತ್ತೆ ಮೇಲಕ್ಕೆ ಇಡಲು ಅಲ್ಲೊಂದು ಮರ ಉಳಿದಿರಬೇಕು. ಅದು ಊರಿನ ಕೈಯಲ್ಲಿದೆ.