ಲೈಬ್ರರಿಯನ್ ಕೆಲಸ ಅಂದರೆ ಸೀಲ್ ಹಾಕುವುದಷ್ಟೇನಾ?

ಆಗಸ್ಟ್ 12ರ ಬೆಳಗಿನ ಅಸೆಂಬ್ಲಿಯಲ್ಲಿ ಗ್ರಂಥಪಾಲಕರ ದಿನ ಎಂದು ಹೇಳಿ ನಮ್ಮ ಲೈಬ್ರರಿ ಮೇಡಂಗೆ ಒಂದು ಗುಲಾಬಿ ಹೂವು ಕೊಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕ್ಲಾಸಿಗೆ ಹೋಗುವಾಗ ಮೆಟ್ಟಿಲ ಮೇಲೆ ನನ್ನ ಗೆಳತಿ, “ಸೀಲ್ ಹಾಕೋದಕ್ಕೂ ಒಂದು ದಿನಾನಾ?” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದೆ ತಿರುಗಿ ನೋಡಿದರೆ ಮೇಡಂ ಮೂರು ಮೆಟ್ಟಿಲು ಕೆಳಗೇ ಬರುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮರುದಿನ ಪುಸ್ತಕ ವಾಪಸ್ ಕೊಡಲು ಹೋದಾಗ ಎಂದಿನಂತೆಯೇ ಮಾತಾಡಿಸಿದರು. ಫೈನ್ ಹಾಕಬೇಕಿತ್ತು, ಅದನ್ನೂ ಹಾಕಲಿಲ್ಲ. ಅದರಿಂದ ನನಗೆ ಇನ್ನೂ ಕಸಿವಿಸಿಯಾಯಿತು.

ಆ ದಿನ ಎಸ್. ಆರ್. ರಂಗನಾಥನ್ ಅವರ ಜನ್ಮದಿನ. ಅವರು ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ ಹೊಸದರಲ್ಲಿ ಆ ಕೆಲಸ ಬೇಜಾರಾಗಿ ಮತ್ತೆ ಪಾಠ ಹೇಳಲು ಹೋಗುತ್ತೇನೆ ಅಂದಿದ್ದರಂತೆ. ಕೊನೆಗೆ ಅದೇ ಕೆಲಸದಲ್ಲಿ ದೇಶಕ್ಕೆಲ್ಲ ಹೆಸರಾದರು, ನಮ್ಮ ಬೆಂಗಳೂರಿನಲ್ಲೇ ಲೈಬ್ರರಿ ವಿಜ್ಞಾನದ ತರಬೇತಿ ಕೇಂದ್ರ ಶುರು ಮಾಡಿದರು. ಇದಿಷ್ಟು ಅಸೆಂಬ್ಲಿಯಲ್ಲಿ ಹೇಳಿದ್ದೇ. ನಾನು ಬರೆಯಲು ಹೊರಟಿರುವುದು ಇನ್ನೊಬ್ಬರ ಬಗ್ಗೆ. ಅವರ ಕಥೆ ಇರುವ ಚಿತ್ರಪುಸ್ತಕವನ್ನು ಆ ವಾರವೇ ಮೇಡಂ ನನ್ನ ಕೈಗೆ ಕೊಟ್ಟರು. ಮಕ್ಕಳ ಪುಸ್ತಕ, ಹದಿನೈದು ನಿಮಿಷದಲ್ಲಿ ಓದಿ ಮುಗಿಯಿತು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ.

ಬಸ್ರಾ ನಮಗೆ ಹೊಸ ಊರಲ್ಲ. ಹಸನ್ ಬಸ್ರಿ, ರಾಬಿಯಾ ಬಸ್ರಿ ಹೆಸರು ಕೇಳದ ಮನೆ ನಮ್ಮಲ್ಲಿ ಯಾವುದಿದೆ? ಅದು ಇರಾಕಿನ ದಕ್ಷಿಣದಲ್ಲಿರುವ ಬಂದರು ಪಟ್ಟಣ. ಅಲ್ಲಿಯ ಸೆಂಟ್ರಲ್ ಲೈಬ್ರರಿಯಲ್ಲಿ ಆಲಿಯಾ ಮುಹಮ್ಮದ್ ಬೇಕರ್ ಎಂಬವರು ಹದಿನಾಲ್ಕು ವರ್ಷ ಮುಖ್ಯ ಲೈಬ್ರರಿಯನ್ ಆಗಿದ್ದರು. 2003ರಲ್ಲಿ ಯುದ್ಧ ಬಂದಾಗ ಅವರಿಗೆ ಐವತ್ತು ವರ್ಷ. ಪುಸ್ತಕಗಳನ್ನು ಬೇರೆ ಕಡೆ ಸಾಗಿಸಲು ಅನುಮತಿ ಕೊಡಿ ಎಂದು ಅವರು ಗವರ್ನರ್ ಹತ್ತಿರ ಕೇಳಿದರು. ಕೊಡಲಿಲ್ಲ. ಅದರ ಬದಲು ಸರ್ಕಾರಿ ಆಫೀಸನ್ನೇ ಲೈಬ್ರರಿಯೊಳಕ್ಕೆ ತಂದರು, ಚಾವಣಿಯ ಮೇಲೆ ವಿಮಾನ ಹೊಡೆಯುವ ತೋಪು ಇಟ್ಟರು. ಆಲಿಯಾ ಮೇಲಿನವರ ಜೊತೆ ಮತ್ತೆ ವಾದ ಮಾಡುತ್ತ ಕೂರಲಿಲ್ಲ. ದಿನಾ ಸಂಜೆ ಕೆಲಸ ಮುಗಿಸಿ ಹೊರಡುವಾಗ ಒಂದಷ್ಟು ಪುಸ್ತಕ ಕಾರಿನಲ್ಲಿ ಮನೆಗೆ ಒಯ್ಯತೊಡಗಿದರು. ನಿಯಮದ ಪ್ರಕಾರ ನೋಡಿದರೆ ತಪ್ಪೇ. ನಮ್ಮಲ್ಲಿ ಯಾರಾದರೂ ಹಾಗೆ ಮಾಡಿದರೆ ಮೇಡಂ ಸುಮ್ಮನಿರುವುದಿಲ್ಲ.

ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಊರೊಳಗೆ ಬಂತು. ಸರ್ಕಾರಿ ಜನ ಲೈಬ್ರರಿ ಬಿಟ್ಟು ಓಡಿಹೋದರು, ಲೂಟಿ ಶುರುವಾಯಿತು. ಕಾರ್ಪೆಟ್, ದೀಪ, ಮೇಜು ಕುರ್ಚಿ ಎಲ್ಲ ಹೋದವು. ಪುಸ್ತಕಗಳು ಮಾತ್ರ ಉಳಿದಿದ್ದವು. ಲೈಬ್ರರಿಯ ಪಕ್ಕದಲ್ಲೇ ಹಮ್ದಾನ್ ಎಂಬ ಹೋಟೆಲ್, ಮಧ್ಯೆ ಏಳಡಿ ಎತ್ತರದ ಗೋಡೆ. ಆಲಿಯಾ ಹೋಟೆಲ್ ಮಾಲೀಕ ಅನೀಸ್ ಮುಹಮ್ಮದ್ ಅವರ ಸಹಾಯ ಕೇಳಿದರು. ಅವರು, ಅವರ ಹೋಟೆಲಿನ ಹುಡುಗರು, ಅಕ್ಕಪಕ್ಕದ ಅಂಗಡಿಯವರು, ನೆರೆಯವರು ಎಲ್ಲ ಸೇರಿ ಗೋಡೆಯ ಮೇಲಿಂದ ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಪರದೆ ಬಟ್ಟೆ ಕಿತ್ತು ಅದರಲ್ಲೂ ಗಂಟು ಕಟ್ಟಿದರು. ಹೀಗೆ ಸುಮಾರು 30,000 ಪುಸ್ತಕಗಳು ಉಳಿದವು. ಒಟ್ಟು ಸಂಗ್ರಹದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಎಂದು ಲೆಕ್ಕ. ಕೆಲವೇ ದಿನಗಳಲ್ಲಿ ಲೈಬ್ರರಿ ಕಟ್ಟಡ ಸುಟ್ಟುಹೋಯಿತು. ಆ ಸುದ್ದಿಯ ಹಿಂದೆಯೇ ಆಲಿಯಾ ಅವರಿಗೆ ಸ್ಟ್ರೋಕ್ ಆಯಿತು, ಹೃದಯದ ಆಪರೇಷನ್ ಆಯಿತು. ಚೇತರಿಸಿಕೊಂಡ ಮೇಲೆ ಆ ಪುಸ್ತಕಗಳನ್ನು ಲಾರಿಯಲ್ಲಿ ತಮ್ಮ ಮನೆಗೂ ನೌಕರರ, ಸ್ನೇಹಿತರ ಮನೆಗಳಿಗೂ ಸಾಗಿಸಿದರು. 2004ರಲ್ಲಿ ಲೈಬ್ರರಿ ಮತ್ತೆ ಎದ್ದು ನಿಂತಾಗ ಅದೇ ಕುರ್ಚಿಯಲ್ಲಿ ಕುಳಿತರು.

2003ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವರನ್ನು ಮಾತಾಡಿಸಿತ್ತು. ಅಲ್ಲಾಹನು ಪೈಗಂಬರರಿಗೆ ಹೇಳಿದ ಮೊದಲ ಮಾತೇ ಓದು ಎಂಬುದು, ಅಂತ ಅವರು ಅಲ್ಲಿ ಹೇಳಿದ್ದರು. ಇಖ್ರಾ ಎಂಬ ಮಾತು ನಮ್ಮ ಕಾಲೇಜಿನಲ್ಲೂ ಭಾಷಣಕ್ಕೊಂದು ಸಲ ಕೇಳುತ್ತೇವೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಹೋಟೆಲ್ ಮಾಲೀಕರು ಹೇಳಿದ ಮಾತು. ಪುಸ್ತಕ ಹೊತ್ತವರಲ್ಲಿ ಕೆಲವರಿಗೆ ಓದು ಬರಹ ಬರುತ್ತಿರಲಿಲ್ಲವಂತೆ. ಆದರೆ ಅವು ಬೆಲೆಬಾಳುವ ಪುಸ್ತಕಗಳು ಅನ್ನುವುದು ಅವರಿಗೆ ಗೊತ್ತಿತ್ತಂತೆ.

ಅವರಿಗೆ ಅದು ಹೇಗೆ ಗೊತ್ತಾಯಿತು? ನನ್ನ ಪ್ರಶ್ನೆ ಇದೇ. ಊರಿಡೀ ಲೂಟಿ ನಡೆಯುತ್ತಿರುವಾಗ ಒಬ್ಬ ಹೋಟೆಲಿನವನು ತನ್ನ ಗಲ್ಲಾಪೆಟ್ಟಿಗೆ ಕಾಯುವುದು ಬಿಟ್ಟು ಪಕ್ಕದ ಕಟ್ಟಡದ ಪುಸ್ತಕ ಯಾಕೆ ಹೊರುತ್ತಾನೆ? ಆ ಒಂದು ವಾರದ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಅದಕ್ಕಿಂತ ಮೊದಲಿನ ಹದಿನಾಲ್ಕು ವರ್ಷದ ಬಗ್ಗೆ ಯಾರೂ ಚಿತ್ರಪುಸ್ತಕ ಬರೆಯುವುದಿಲ್ಲ. ಅಷ್ಟು ವರ್ಷ ಆಕೆ ದಿನಾ ಬಂದು ಬಾಗಿಲು ತೆಗೆದಿದ್ದಾರೆ, ಬಂದವರನ್ನು ಕೂರಿಸಿದ್ದಾರೆ, ಪಕ್ಕದವರನ್ನು ಮಾತಾಡಿಸಿದ್ದಾರೆ. ಹಾಗಿಲ್ಲದಿದ್ದರೆ ಆ ದಿನ ಕರೆದಾಗ ಯಾರೂ ಬರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ನಾವು ಕಾಮರ್ಸ್‌ನವರು ದ್ವಿತೀಯ ಪಿಯುಸಿಯಲ್ಲಿ ಗುಡ್‌ವಿಲ್ ಎಂಬುದನ್ನು ಕಲಿಯುತ್ತೇವೆ. ಹೊಸ ಪಾಲುದಾರ ಬಂದಾಗ ಅದಕ್ಕೆ ಸರಾಸರಿ ಲಾಭ, ಅಧಿಕ ಲಾಭ ಎಂದೆಲ್ಲ ಲೆಕ್ಕ ಹಾಕಿ ಬೆಲೆ ಕಟ್ಟುತ್ತೇವೆ. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಅನ್ನು ಮಾತ್ರ ಲೆಕ್ಕದ ಪುಸ್ತಕದಲ್ಲಿ ಆಸ್ತಿ ಎಂದು ತೋರಿಸಬಹುದು, ತಾನಾಗಿ ಬೆಳೆದದ್ದನ್ನು ತೋರಿಸುವಂತಿಲ್ಲ. ಸರ್ ಇದನ್ನು ಹೇಳಿದಾಗ ನಾನು ನೋಟ್ಸ್ ಬರೆದುಕೊಂಡು ಸುಮ್ಮನಾಗಿದ್ದೆ. ಈಗ ಹಮ್ದಾನ್ ಹೋಟೆಲಿನ ಗೋಡೆ ನೆನಪಾಗುತ್ತದೆ. ಬಸ್ರಾ ಲೈಬ್ರರಿಯ ಸ್ಟಾಕ್ ರಿಜಿಸ್ಟರಿನಲ್ಲಿ ಪುಸ್ತಕಗಳ ಲೆಕ್ಕ ಇದ್ದಿರಬೇಕು, ಬೀರುಗಳ ಲೆಕ್ಕವೂ ಇದ್ದಿರಬೇಕು. ಗೋಡೆಯಾಚೆಯ ಕೈಗಳ ಲೆಕ್ಕವನ್ನು ಯಾವ ಪುಟದಲ್ಲಿ ಬರೆಯುತ್ತಾರೆ?

ಇದನ್ನೆಲ್ಲ ಓದುವಾಗ ನನಗೆ ನಮ್ಮ ಅಮ್ಮಿಯ ನೆನಪಾಯಿತು. ಅಮ್ಮಿ ಉರ್ದು ಮೀಡಿಯಂನಲ್ಲಿ ಏಳನೇ ಕ್ಲಾಸ್ ಓದಿದವರು. ಕನ್ನಡದಲ್ಲಿ ಬಸ್ಸಿನ ಬೋರ್ಡ್ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಬೆಳಿಗ್ಗೆ ನಮ್ಮ ಟಿಫಿನ್, ಮಧ್ಯಾಹ್ನ ಸೀರೆಗೆ ಫಾಲ್ ಹಾಕುವ ಕೆಲಸ, ಅಸರ್ ನಮಾಜಿನ ನಂತರ ಮೊಹಲ್ಲಾದ ಮಕ್ಕಳಿಗೆ ಕುರ್‌ಆನ್ ಕಲಿಸುವುದು. ಇದರ ಜೊತೆಗೆ ಪ್ರತಿ ಏಪ್ರಿಲ್‌ನಲ್ಲಿ ಬುರ್ಖಾ ಹಾಕಿಕೊಂಡು ಒಂದು ದೊಡ್ಡ ಚೀಲ ಹಿಡಿದು ಗಲ್ಲಿ ಗಲ್ಲಿ ತಿರುಗುತ್ತಾರೆ. ಪರೀಕ್ಷೆ ಮುಗಿದ ಮಕ್ಕಳ ಹಳೆಯ ಪಠ್ಯಪುಸ್ತಕ ಕೇಳಿ ತರುತ್ತಾರೆ, ಹರಿದದ್ದಕ್ಕೆ ಗೋಂದು ಹಚ್ಚುತ್ತಾರೆ, ಜೂನ್‌ನಲ್ಲಿ ಬೇಕಾದವರಿಗೆ ಕೊಡುತ್ತಾರೆ. ಹೆಸರು ಓದಲು ಬಾರದ ಪುಸ್ತಕಗಳನ್ನು ಮೇಲಿನ ಚಿತ್ರ ನೋಡಿ ಬೇರೆ ಮಾಡುತ್ತಾರೆ. ನನ್ನ ಹಳೆಯ ಜಾಮಿಟ್ರಿ ನೋಟ್‌ಬುಕ್ಕಿನ ಖಾಲಿ ಪುಟಗಳಲ್ಲಿ, ಯಾರಿಗೆ ಏನು ಕೊಟ್ಟೆ ಎಂದು ಉರ್ದುವಿನಲ್ಲಿ ಬರೆದಿಡುತ್ತಾರೆ. ಅದರಲ್ಲಿ ನಮ್ಮ ಅಕೌಂಟೆನ್ಸಿ ಪುಸ್ತಕದ ಹೆಸರು “ಮೋಟೀ ಹಿಸಾಬ್”.

ನನಗೆ ಇದು ನಾಚಿಕೆಯ ವಿಷಯವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಗೆಳತಿಯರು ಮನೆಗೆ ಬಂದಾಗ ಮಂಚದ ಕೆಳಗಿನಿಂದ ಪುಸ್ತಕದ ಕಟ್ಟುಗಳು ಹೊರಗೆ ಕಾಣುತ್ತಿದ್ದವು. ಒಮ್ಮೆ ಸಿಟ್ಟಿನಲ್ಲಿ, ನಮ್ಮ ಮನೆ ರದ್ದಿ ಅಂಗಡಿ ಥರ ಆಗಿದೆ ಅಂದುಬಿಟ್ಟೆ. “ರದ್ದಿ ನಕ್ಕೊ ಬೋಲ್ ಬೇಟಾ” ಅಂದರು ಅಷ್ಟೇ. ಕಳೆದ ವರ್ಷ ಪಕ್ಕದ ಗಲ್ಲಿಯ ಒಬ್ಬಳಿಗೆ ಅಡ್ಮಿಷನ್ ಆಗಿತ್ತು, ಪುಸ್ತಕ ಇರಲಿಲ್ಲ. ಮುಂದಿನ ತಿಂಗಳು ನೋಡೋಣ ಎಂದು ಅವಳ ಅಬ್ಬು ಮೂರು ತಿಂಗಳು ಹೇಳಿದ್ದರು. ಅಷ್ಟರಲ್ಲಿ ಮೊದಲ ಟೆಸ್ಟ್ ಮುಗಿದು, ಅವಳು ಕಾಲೇಜಿಗೆ ಬರುವುದನ್ನೇ ಕಡಿಮೆ ಮಾಡಿದ್ದಳು. ಅಮ್ಮಿಗೆ ವಿಷಯ ಗೊತ್ತಾಗಿ ಒಂದು ಸೆಟ್ ಹೊಂದಿಸಿಕೊಂಡು ಅವರ ಮನೆಗೇ ಹೋದರು. ಅವಳು ಈಗ ನನ್ನ ಕ್ಲಾಸಿನಲ್ಲೇ ಇದ್ದಾಳೆ. ಅವಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ, ಹೆಸರು ಬೇಡ ಅಂದಳು.

ಈಗ ನಮ್ಮ ಕಾಲೇಜಿನ ವಿಷಯ. ಟೈಮ್‌ಟೇಬಲ್‌ನಲ್ಲಿ ವಾರಕ್ಕೊಂದು ಲೈಬ್ರರಿ ಪೀರಿಯಡ್ ಇದೆ. ಜೂನ್‌ನಿಂದ ಇಲ್ಲಿಯವರೆಗೆ ನಾವು ಹೋಗಿದ್ದು ಎರಡು ಸಲ, ಉಳಿದದ್ದೆಲ್ಲ ಪೋರ್ಷನ್ ಮುಗಿಸಲು ಹೋಯಿತು. ಇಡೀ ಕ್ಲಾಸ್ ಲೈಬ್ರರಿ ಮುಂದೆ ಸಾಲು ನಿಲ್ಲುವುದು ವರ್ಷಕ್ಕೆ ಒಂದೇ ದಿನ, ನೋ ಡ್ಯೂ ಸಹಿಗೆ. ಸಹಿ ಹಾಕುವುದನ್ನು ಮಾತ್ರ ನೋಡಿದವರಿಗೆ ಮೇಡಂ ಕೆಲಸ ಸೀಲ್ ಹಾಕುವುದೇ ಅನ್ನಿಸಿದರೆ ತಪ್ಪು ಪೂರ್ತಿ ನಮ್ಮದಲ್ಲ. ಪ್ರಿನ್ಸಿಪಾಲ್ ಸರ್ ಈ ಪತ್ರಿಕೆಯನ್ನು ಪೂರ್ತಿ ಓದುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ: ದಯವಿಟ್ಟು ಆ ಒಂದು ಪೀರಿಯಡ್ ನಮಗೆ ವಾಪಸ್ ಕೊಡಿಸಿ.

ಇನ್ನೊಂದು ಬೇಡಿಕೆ. ಲೈಬ್ರರಿಯಲ್ಲಿ ಒಂದು ರ‍್ಯಾಕ್ ಹಳೆಯ ಪಠ್ಯಪುಸ್ತಕಗಳಿಗೆಂದೇ ಇರಲಿ. ದ್ವಿತೀಯ ಪಿಯುಸಿಯವರು ತಮ್ಮ ಪ್ರಥಮ ವರ್ಷದ ಪುಸ್ತಕಗಳನ್ನು ನೋ ಡ್ಯೂ ದಿನ ತಂದುಕೊಡಲಿ. ದ್ವಿತೀಯ ವರ್ಷದ್ದನ್ನು ಪರೀಕ್ಷೆ ಮುಗಿದ ಮೇಲೆ ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಲು ಬಂದಾಗ ಕೊಟ್ಟರೆ ಸಾಕು. ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕಿದರೆ ಒಂದು ಪ್ಲೇಟ್ ಗೋಬಿಗೂ ಸಾಲದು. ಸಿಲಬಸ್ ಬದಲಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ನಿಜ. ಆದರೆ ವರ್ಷ ವರ್ಷವೂ ಬದಲಾಗುವುದಿಲ್ಲ. ಪೆನ್ಸಿಲಿನಲ್ಲಿ ಗೀಚಿದ ಪುಸ್ತಕ ಯಾರಿಗೆ ಬೇಕು ಎಂದೂ ಕೇಳಿದರು. ನನಗೆ ಬೇಕು. ಸೀನಿಯರ್ ಒಬ್ಬರು ಇಂಪಾರ್ಟೆಂಟ್ ಎಂದು ಗೀಟು ಎಳೆದ ಪುಸ್ತಕದಿಂದಲೇ ನಾನು ಕಳೆದ ವರ್ಷ ಪಾಸಾಗಿದ್ದು. ಪುಸ್ತಕ ವಿಂಗಡಿಸುವ ಕೆಲಸವನ್ನು ಮೇಡಂ ಮೇಲೆ ಹಾಕುವುದು ಬೇಡ. ನಾನು ಬರುತ್ತೇನೆ, ಇನ್ನೂ ನಾಲ್ವರು ಒಪ್ಪಿದ್ದಾರೆ. ಮೆಟ್ಟಿಲ ಮೇಲೆ ಆ ಮಾತು ಹೇಳಿದವಳೂ ಅವರಲ್ಲಿ ಒಬ್ಬಳು.

ರ‍್ಯಾಕ್ ಬರುವವರೆಗೆ ನಮ್ಮ ಮನೆಯ ಮಂಚದ ಕೆಳಗೆ ಜಾಗ ಇದೆ. ಪ್ರಥಮ ಪಿಯುಸಿಯ ಮೋಟೀ ಹಿಸಾಬ್ ಮೂರು ಇವೆ, ಬಿಸಿನೆಸ್ ಸ್ಟಡೀಸ್ ಎರಡು. ಸ್ಟ್ಯಾಟಿಸ್ಟಿಕ್ಸ್ ಒಂದೂ ಇಲ್ಲ, ಯಾರ ಹತ್ತಿರವಾದರೂ ಇದ್ದರೆ ತನ್ನಿ. ಇಬ್ಬರು ಕೇಳಿ ಹೋಗಿದ್ದಾರೆ.