ಪಕ್ಷದ ಹೆಸರಿಲ್ಲದ ಮತಪತ್ರ

ಮತಪತ್ರದಿಂದ ಪಕ್ಷದ ಹೆಸರನ್ನು ತೆಗೆದುಹಾಕಿದರೆ ಚುನಾವಣೆ ತಾನಾಗಿಯೇ ಶುದ್ಧವಾಗುವುದೆಂದು ನಂಬುವವರುಂಟು. ಅದು ಅರ್ಧಸತ್ಯವಷ್ಟೆ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ನೋಡಿರಿ. ಅಲ್ಲಿನ ಮೇಯರ್ ಚುನಾವಣೆಯ ಮತಪತ್ರದಲ್ಲಿ ಅಭ್ಯರ್ಥಿಯ ಪಕ್ಷವನ್ನು ನಮೂದಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತಗಳು ಬಾರದಿದ್ದರೆ, ಮುಂದಿರುವ ಇಬ್ಬರ ನಡುವೆ ಮತ್ತೊಮ್ಮೆ ಸ್ಪರ್ಧೆ ನಡೆಯುತ್ತದೆ.

1969ರಲ್ಲಿ ಕಪ್ಪು ಜನಾಂಗಕ್ಕೆ ಸೇರಿದ ಟಾಮ್ ಬ್ರಾಡ್ಲಿಯವರು ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ಆಗ ಮೇಯರಾಗಿದ್ದ ಸ್ಯಾಮ್ ಯಾರ್ಟಿಯವರು ಬಿಳಿಯ ಮತದಾರರಲ್ಲಿ ಭಯವನ್ನು ಬಿತ್ತಿದರು. 20 ವರ್ಷಗಳಿಗೂ ಮಿಗಿಲಾಗಿ ಪೊಲೀಸ್ ಸೇವೆ ಸಲ್ಲಿಸಿದ್ದ ಬ್ರಾಡ್ಲಿಯವರನ್ನೇ ನಗರದ ಶಾಂತಿಗೆ ಗಂಡಾಂತರವೆಂಬಂತೆ ಚಿತ್ರಿಸಿದರು. ಬ್ರಾಡ್ಲಿಯವರು ಸೋತರು. ಪಕ್ಷದ ಗುರುತು ತೆರವು ಮಾಡಿದ ಸ್ಥಾನದಲ್ಲಿ ಮೈಬಣ್ಣ ಬಂದು ಕುಳಿತಿತ್ತು.

1973ರಲ್ಲಿ ಅವರಿಬ್ಬರೂ ಮತ್ತೆ ಎದುರಾದರು. ಈ ಸಲ ಆ ಭಯ ಫಲಿಸಲಿಲ್ಲ. ಕಪ್ಪು ಜನರು ಐದರಲ್ಲೊಂದು ಪಾಲಿಗಿಂತಲೂ ಕಡಮೆಯಿದ್ದ ಆ ನಗರ ಬ್ರಾಡ್ಲಿಯವರನ್ನು ಆರಿಸಿತು. 1993ರವರೆಗೂ ಅವರನ್ನೇ ಮೇಯರಾಗಿ ಉಳಿಸಿಕೊಂಡಿತು. ಚುನಾವಣೆಯ ನಿಯಮ ಎರಡು ಸಲವೂ ಒಂದೇ ಆಗಿತ್ತು. ಬದಲಾದದ್ದು ಮತದಾರರ ಮನಸ್ಸು. ಪಕ್ಷದ ಹೆಸರನ್ನು ಕಾನೂನು ಅಳಿಸಬಲ್ಲದು. ಪೂರ್ವಗ್ರಹವನ್ನು ಮಾತ್ರ ಮತದಾರನೇ ಅಳಿಸಿಕೊಳ್ಳಬೇಕು.