ಮಾರ್ಚ್ ತಿಂಗಳ ಕಾಯಿಲೆಗಳು

ಮಾರ್ಚ್ ಬಂತು ಅಂದ್ರೆ ನಮ್ಮ ಬಿನ್ನಿಪೇಟೆಯ ಮೆಡಿಕಲ್ ಶಾಪುಗಳ ಮುಂದೆ ಗಟ್ಟಿಮುಟ್ಟಾಗಿರೋರೇ ಬಂದು ನಿಲ್ಲೋ ಕಾಲ ಒಂದಿತ್ತು. ಆಗ ಕೆಲಸಕ್ಕೆ ಹೋಗ್ತಿದ್ದವರಿಗೆ ಈಗಾಗ್ಲೇ ನಗು ಬಂದಿರತ್ತೆ :) ಉಳಿದವರಿಗೆ ಹೇಳ್ತೀನಿ. ಸಂಬಳದಲ್ಲಿ 'ಮೆಡಿಕಲ್ ರೀಇಂಬರ್ಸ್‌ಮೆಂಟ್' ಅಂತ ವರ್ಷಕ್ಕೆ 15,000 ರೂಪಾಯಿವರೆಗೆ ತೆರಿಗೆ ಇಲ್ಲದೆ ಸಿಗ್ತಿತ್ತು, ಬಿಲ್ ಕೊಟ್ರೆ. ಬಿಲ್ ಇಲ್ಲದೆ ಉಳಿದ ದುಡ್ಡೇನೂ ಮುಳುಗಿ ಹೋಗ್ತಿರ್ಲಿಲ್ಲ, ತೆರಿಗೆ ಮುರ್ಕೊಂಡು ಕೈಗೆ ಬರ್ತಿತ್ತು. ಆದ್ರೂ ಆ ಚೂರು ತೆರಿಗೆ ಉಳಿಸೋಕೆ ನಾವು ಮಾಡಿದ್ದು ಒಂದೆರಡಲ್ಲ....

2011ರ ಮಾರ್ಚ್. ನನ್ನ ಹತ್ರ ನಿಜವಾದ ಬಿಲ್ ಇದ್ದಿದ್ದು 4,200ಕ್ಕೆ. ಮಗಳ ಜ್ವರ, ನನ್ನ ಹಲ್ಲುನೋವು, ಅಷ್ಟೆ. ಉಳಿದ 10,800ಕ್ಕೆ ಗುರುತಿನ ಅಂಗಡಿಗೆ ಹೋದೆ. "ಯಾವ ತಾರೀಖು ಹಾಕ್ಲಿ ಸಾರ್? ಯಾರ ಹೆಸ್ರು?" ಅಂದ. ಅಮ್ಮನ ಹೆಸರು ಹೇಳ್ದೆ. ವಯಸ್ಸಾದೋರು, ಯಾರಿಗೂ ಅನುಮಾನ ಬರಲ್ಲ ನೋಡಿ. ಹಿಂದಿನ ಏಪ್ರಿಲ್‌ನಿಂದ ತಿಂಗಳಿಗೊಂದು ಬಿಲ್: ಬಿಪಿ ಮಾತ್ರೆ, ಶುಗರ್ ಮಾತ್ರೆ. ನೂರಕ್ಕೆ ಎರಡು ರೂಪಾಯಿ ಲೆಕ್ಕದಲ್ಲಿ 216 ಅವನಿಗೆ. ನಂದು 20 ಪರ್ಸೆಂಟ್ ಸ್ಲ್ಯಾಬು, ಸೆಸ್ ಸೇರಿ 2,225 ಉಳೀತು. ಆಫೀಸಲ್ಲಿ ಎಲ್ಲರೂ ಮಾಡೋದೇ ಅಂತ ನಾನೂ ಆರಾಮಾಗಿದ್ದೆ.

ಅದೇ ಜುಲೈನಲ್ಲಿ ಅಮ್ಮ "ಪೇಪರ್ ಅಕ್ಷರ ಮಂಜು ಮಂಜಾಗಿ ಕಾಣತ್ತೆ ಕಣೋ" ಅಂದ್ಲು. ಕಣ್ಣಿನ ಡಾಕ್ಟ್ರು ಪರದೆ ನೋಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದ್ರು. ಖಾಲಿ ಹೊಟ್ಟೇಲಿ 286. "ಶುಗರ್ ಎಷ್ಟು ದಿನದಿಂದ ಇದೆ?" ಅಂತ ಕೇಳಿದ್ರು. ನನ್ನ ಬಿಲ್ಲುಗಳ ಪ್ರಕಾರ ಹದಿನೈದು ತಿಂಗಳಿಂದ! ನಿಜದಲ್ಲಿ ಅಮ್ಮ ಒಂದು ಮಾತ್ರೇನೂ ನುಂಗಿರ್ಲಿಲ್ಲ, ಒಂದು ಸಲಾನೂ ನಾನು ಅವಳಿಗೆ ಪರೀಕ್ಷೆ ಮಾಡಿಸಿರ್ಲಿಲ್ಲ. ಅದಕ್ಕೆ ನೂರರ ಒಂದು ನೋಟು ಸಾಕಿತ್ತು. ಲ್ಯಾಬಿನ ಬಿಲ್ಲನ್ನೂ ಆಫೀಸಲ್ಲಿ ತಗೋತಿದ್ರು.

ತಾತ ಬಿನ್ನಿ ಮಿಲ್ಲಿನಲ್ಲಿದ್ದಾಗ ಇ.ಎಸ್.ಐ. ಇತ್ತು. ಚೀಟಿ ತೋರಿಸಿದ್ರೆ ಔಷಧಿ. ಆಗ ಕಾಯಿಲೆ ಇದ್ರೆ ಸಾಕಿತ್ತು, ಬಿಲ್ ಬೇಕಿರ್ಲಿಲ್ಲ. ನಮ್ಮ ಕಾಲಕ್ಕೆ ಉಲ್ಟಾ ಆಯ್ತು.

ನ್ಯೂಜೆರ್ಸಿಯ ತಂಗಿ ಮನೇಲಿ ಡಿಸೆಂಬರ್‌ಗೆ ಇಂಥದೇ ಗಡಿಬಿಡಿ. ಅಲ್ಲಿ ಎಫ್.ಎಸ್.ಎ. ಅಂತ ಸಂಬಳದಿಂದ ಎತ್ತಿಟ್ಟ ದುಡ್ಡು ವರ್ಷದೊಳಗೆ ಖರ್ಚಾಗದಿದ್ರೆ ಹೋಯ್ತು. ಕೆಲವು ಕಂಪನಿಗಳಲ್ಲಿ ಮಾತ್ರ ಸ್ವಲ್ಪ ಮುಂದಿನ ವರ್ಷಕ್ಕೆ ಹೋಗತ್ತೆ, ಇಲ್ಲಾ ಎರಡೂವರೆ ತಿಂಗಳು ವಾಯಿದೆ ಸಿಗತ್ತೆ. ಹಾಗಾಗಿ ಮನೆಮಂದಿಗೆಲ್ಲ ಇನ್ನೊಂದು ಕನ್ನಡಕ! ಅದನ್ನ ನಾನು ಗೇಲಿ ಮಾಡ್ತಿದ್ದೆ. ಈಗ ಮಾಡಲ್ಲ. ಕನ್ನಡಕ ಆದ್ರೂ ಮನೆಗೆ ಬರತ್ತಲ್ಲ.

2018ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಈ 15,000ವನ್ನೂ ಓಡಾಟದ ಭತ್ಯೆಯ 19,200ನ್ನೂ ತೆಗೆದು, ಯಾವ ಬಿಲ್ಲೂ ಕೇಳದ 40,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ರು. ಹೆಚ್ಚಿಗೆ ಸಿಕ್ಕಿದ್ದು 5,800 ಅಷ್ಟೇ ಅಂತ ಆಫೀಸಲ್ಲಿ ಗೊಣಗಾಟ. ನನಗೆ ಮಾತ್ರ ಅದು ಸರಿ ಅನ್ನಿಸ್ತು. ಕಾಯಿಲೆ ಇಲ್ಲದವರಿಂದ ಕಾಯಿಲೆ ಬರೆಸಿಕೊಳ್ಳೋ ನಿಯಮ ಯಾರ ಆರೋಗ್ಯ ಕಾಪಾಡ್ತಿತ್ತು ಹೇಳಿ?

ಈಗ ಹಳೆ ಪದ್ಧತೀಲಿ ತೆರಿಗೆ ಕಟ್ಟೋರಿಗೆ ಆರೋಗ್ಯ ತಪಾಸಣೆಗೆ ಅಂತ 5,000ದವರೆಗೆ ಕಡಿತ ಇದೆ. ಅಪ್ಪ ಅಮ್ಮನ ತಪಾಸಣೇನೂ ಸೇರತ್ತೆ, ನಗದು ಕೊಟ್ರೂ ನಡೆಯತ್ತೆ. ಹೊಸ ಪದ್ಧತೀಲಿ ಅದಿಲ್ಲ. "ಹಾಗಾದ್ರೆ ಯಾಕೆ ಮಾಡಿಸ್ಬೇಕು?" ಅಂದ ಮೊನ್ನೆ ಒಬ್ಬ ಗೆಳೆಯ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಗೊತ್ತಾಗ್ಲಿಲ್ಲ. ನಿಮ್ಮ ಆಫೀಸುಗಳಲ್ಲೂ ಇಂಥವರು ಇದ್ದಾರಾ?

ನಾನೂ ಹೊಸ ಪದ್ಧತಿಗೆ ಬಂದಿದೀನಿ. ಆದ್ರೂ ಪ್ರತಿ ಮಾರ್ಚ್‌ನಲ್ಲಿ ಅಮ್ಮನ್ನ ಲ್ಯಾಬಿಗೆ, ಆಮೇಲೆ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಹೊರಗೆ ಬರುವಾಗ ಅಮ್ಮ ತಪ್ಪದೆ ಕೇಳ್ತಾಳೆ, "ಬಿಲ್ ತಗೊಂಡ್ಯೇನೋ?"

ಆ ಹಳೇ ಬಿಲ್ಲುಗಳ ವಿಷ್ಯ ಅವಳಿಗೆ ಇನ್ನೂ ಹೇಳಿಲ್ಲ.